ಏಳು ಸಾಕ್ಷಿಗಳು ಮತ್ತು ಒಂದು ಹಳೆಯ ಊರು

ಹಸ್ನಾವಾತಿ ಮೊದಲ ಸಲ ನನ್ನ ಮೇಜಿನ ಎದುರು ಬಂದು ನಿಂತಾಗ ಅವಳ ಪ್ರಬಂಧದ ಕರಡು ಕೆಂಪು ಶಾಯಿಯಿಂದ ತುಂಬಿತ್ತು. ಮಕಾಸ್ಸರ್ ನಗರದ ನಮ್ಮ ಕಾಲೇಜಿನಲ್ಲಿ ಅವಳು ಮೀನುಗಾರಿಕೆ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿ. ನಾನು ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ಗ್ರಂಥಪಾಲಕ. ದಕ್ಷಿಣದ ಕರಾವಳಿಯಲ್ಲಿ ಅವಳ ತಾಯಿ ಕಡಲಲ್ಲಿ ಹಗ್ಗ ಕಟ್ಟಿ, ಮಾರುವುದಕ್ಕೆ ಕಡಲಪಾಚಿ ಬೆಳೆಯುತ್ತಿದ್ದರು. ಮೂರು ವರ್ಷಗಳಿಂದ ಆ ಪಾಚಿ ಇದ್ದಕ್ಕಿದ್ದಂತೆ ಬೆಳ್ಳಗಾಗಿ, ಮೆತ್ತಗಾಗಿ, ಹಗ್ಗದಿಂದ ಕಳಚಿ ಹೋಗುತ್ತಿತ್ತು. ಯಾಕೆಂದು ಕಂಡುಹಿಡಿಯುವುದೇ ಅವಳ ಪ್ರಬಂಧ.

ಸಿಗಡಿ ಹೊಂಡಗಳ ಕೊಳಕು ನೀರೊಂದೇ ಇದಕ್ಕೆ ಕಾರಣ ಎಂದು ಅವಳು ಬರೆದಿದ್ದಳು. ಪಕ್ಕದಲ್ಲಿ ಅವಳ ಮಾರ್ಗದರ್ಶಕಿ ಕೆಂಪು ಶಾಯಿಯಲ್ಲಿ ಕೇಳಿದ್ದರು: ಇದನ್ನು ಹೇಳಿದವರು ಯಾರು?

ಏಳು ಕಡೆ ಓದಿದ್ದೇನೆ ಎಂದಳು ಹಸ್ನಾ. ಆ ಏಳೂ ಪುಟಗಳನ್ನು ಕಂಪ್ಯೂಟರಿನಲ್ಲಿ ತೆರೆಯಲು ಹೇಳಿದೆ. ಏಳರಲ್ಲೂ ಅದೇ ವಾಕ್ಯ. ‘ಕಾರಣ’ ಎಂಬ ಪದದಲ್ಲಿ ಏಳರಲ್ಲೂ ಅದೇ ಅಕ್ಷರ ತಪ್ಪು. ದಿನಾಂಕ ನೋಡುತ್ತಾ ಹಿಂದೆ ಹಿಂದೆ ಹೋದರೆ, ಎಲ್ಲಕ್ಕಿಂತ ಹಳೆಯದು ಹೊಂಡಕ್ಕೆ ಹಾಕುವ ಔಷಧಿ ಮಾರುವವನೊಬ್ಬನ ಜಾಹೀರಾತು.

“ಇದು ಏಳು ಸಾಕ್ಷಿ ಅಲ್ಲಮ್ಮ. ಸಾಕ್ಷಿ ಒಬ್ಬನೇ, ಏಳು ಅಂಗಿ ಬದಲಾಯ್ಸಿದಾನೆ” ಎಂದೆ.

ನಗಲಿ ಎಂದು ಹೇಳಿದ ಮಾತು. ಅವಳ ಕಣ್ಣು ತುಂಬಿತು. ಅವಳು ಕದ್ದಿರಲಿಲ್ಲ, ಸೋಮಾರಿಯೂ ಅಲ್ಲ, ನಂಬಿದ್ದಳು, ಅಷ್ಟೆ. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ.

ಅವಳು ಹುಡುಕುತ್ತಿದ್ದ ರೀತಿ ನೋಡಿದೆ. ‘ನಮ್ಮ ಪಾಚಿ ಯಾಕೆ ಬಿಳಿಯಾಗುತ್ತದೆ’ ಎಂದು ಮನೆಯವರನ್ನು ಕೇಳುವಂತೆ ಬರೆಯುತ್ತಿದ್ದಳು.

“ನೀನು ಕೇಳೋ ಮಾತು ಹಾಕ್ಬೇಡ. ಇದರ ಬಗ್ಗೆ ನಿಜವಾಗ್ಲೂ ಕೆಲಸ ಮಾಡಿದವರು ತಮ್ಮ ಪುಟದಲ್ಲಿ ಯಾವ ಮಾತು ಬರೆದಿರ್ತಾರೆ, ಅದನ್ನ ಹಾಕು.”

ಪಾಚಿಯ ವೈಜ್ಞಾನಿಕ ಹೆಸರು ಹಾಕಿದಳು. ಜೊತೆಯಲ್ಲೇ ಬರಬೇಕಾದ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಕಟ್ಟಿಹಾಕುವುದು, ಬೇಡದ ಪದದ ಮೊದಲು ಕಳೆಯುವ ಗುರುತು ಇಟ್ಟು ಮಾರಾಟದ ಪುಟಗಳನ್ನು ಹೊರಗಟ್ಟುವುದು, ಸಂಶೋಧನಾ ಲೇಖನಗಳಿಗೆಂದೇ ಇರುವ ಕಡೆ ಹುಡುಕುವುದು ಕಲಿತಳು. ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಅದರ ಕೊನೆಯ ಪಟ್ಟಿ ಹಿಡಿದು ಹಿಂದಕ್ಕೆ ಹೋಗಬಹುದು. ಆಮೇಲೆ ಅದನ್ನು ಯಾರು ಉಲ್ಲೇಖಿಸಿದ್ದಾರೆಂದು ನೋಡುತ್ತಾ ಮುಂದಕ್ಕೂ ಬರಬಹುದು. ಇದನ್ನು ತಿಳಿದ ದಿನ ಅವಳು ಊಟಕ್ಕೇ ಏಳಲಿಲ್ಲ. ವಾರದೊಳಗೆ ಇಪ್ಪತ್ತಾರು ಲೇಖನ ಕೂಡಿಬಂದವು. ನೀರಿನ ಬಿಸಿ, ಉಪ್ಪು, ರೋಗಾಣು, ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ.

ಮಾರ್ಗದರ್ಶಕಿ ಮೆಚ್ಚಿದರು, ಆದರೆ ಇನ್ನೊಂದು ಪ್ರಶ್ನೆ ಹಾಕಿದರು. ನಿಮ್ಮ ಕೊಲ್ಲಿಯ ನೀರು ಮೊದಲು ಹೇಗಿತ್ತು? ಹಳೆಯ ಅಳತೆ ಇಲ್ಲದೆ ಬದಲಾಗಿದೆ ಎಂದು ಹೇಗೆ ಹೇಳುತ್ತೀಯ?

ಅವಳ ಊರು ಬೊಂಟೊ ಬಾಜಿ. ಆ ಹೆಸರು ಹಾಕಿದರೆ ಮಾರಾಟಕ್ಕಿರುವ ಸೈಟುಗಳು, ವಿಹಾರಕ್ಕೆ ಬಂದವರ ಫೋಟೋಗಳು, ಒಂದು ಮದುವೆಯ ವಿಡಿಯೊ. ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಎರಡು ದಿನ ನಾನೇ ಹುಡುಕಿದೆ. ಏನೂ ಇಲ್ಲ ಎಂದು ಅವಳಿಗೆ ಹೇಳಿಯೂ ಬಿಟ್ಟೆ.

ಆ ಶುಕ್ರವಾರ ಅವಳ ತಾಯಿ ಡಾಯೆಂಗ್ ಕನಾಂಗ್ ಮಗಳಿಗೆ ಒಣಮೀನು ತೆಗೆದುಕೊಂಡು ವ್ಯಾನಿನಲ್ಲಿ ನಗರಕ್ಕೆ ಬಂದಿದ್ದರು. ಮಗಳು ಎಲ್ಲಿ ಕೂತು ಓದುತ್ತಾಳೆಂದು ನೋಡಬೇಕಿತ್ತಂತೆ. ಮೀನಿನ ಗಂಟನ್ನು ಬಾಗಿಲ ಹೊರಗಿಟ್ಟು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಏನು ಸಿಗುತ್ತಿಲ್ಲ ಎಂದು ಕೇಳಿದರು. ಹೇಳಿದೆ.

“ಯಾವ ಹೆಸರು ಹಾಕಿದ್ರಿ, ಸರ್?”

“ಬೊಂಟೊ ಬಾಜಿ, ಡಾಯೆಂಗ್.”

ಅವರು ಬಾಯಿಗೆ ತಲೆವಸ್ತ್ರದ ತುದಿ ಹಿಡಿದು ನಕ್ಕರು. “ಆ ಹೆಸರಿಗಿಂತ ಇವಳೇ ವಯಸ್ಸಲ್ಲಿ ದೊಡ್ಡೋಳು. ಊರು ಎರಡು ಮಾಡಿದಾಗ ಆಫೀಸಿನೋರು ಇಟ್ಟ ಹೆಸರು ಅದು. ನಾನು ಮದುವೆಯಾಗಿ ಬಂದಾಗ ಪರಾಂಗ್‌ಲಾಬು ಅಂತಿದ್ರು.”

ಹಾಕಿದೆ. ಇಲ್ಲ. ಒಂದು ಅಕ್ಷರಕ್ಕೆ ಒತ್ತು ಕೊಟ್ಟು ಹಾಕಿದೆ. ಇಲ್ಲ. ಎರಡು ಪದವಾಗಿ ಬಿಡಿಸಿ ಹಾಕಿದಾಗ, ಬೇರೊಂದು ವಿಶ್ವವಿದ್ಯಾಲಯದ ಹಳೆಯ ಕಡತಗಳ ನಡುವಿನಿಂದ, ಟೈಪು ಮಾಡಿ ಸ್ಕ್ಯಾನ್ ಮಾಡಿದ ಒಂದು ಪ್ರಬಂಧ ಬಂತು. 1998ರದು. ಪರಾಂಗ್ ಲಾಬು ಕೊಲ್ಲಿಯ ನೀರಿನ ಬಿಸಿ ಮತ್ತು ಉಪ್ಪು, ಹನ್ನೆರಡು ತಿಂಗಳ ಅಳತೆ. ಬರೆದವನು ಲಾತೀಫ್ ಎಂಬ ವಿದ್ಯಾರ್ಥಿ.

ಹಸ್ನಾ ತಾಯಿಯ ಮುಂಗೈ ಹಿಡಿದುಕೊಂಡಳು. ಡಾಯೆಂಗ್ ಕನಾಂಗ್ ಪರದೆಗೆ ಮುಖ ಹತ್ತಿರ ತಂದು ಹೆಸರನ್ನು ಕೂಡಿಸಿ ಓದಿದರು.

“ಈ ಹುಡುಗ ನಂಗೆ ಗೊತ್ತು. ಗಾಜಿನ ಕೊಳವೆ ಹಿಡ್ಕೊಂಡು ನಮ್ಮ ದೋಣೀಲೇ ಬರ್ತಿದ್ದ. ಅಳತೆ ಮಾಡಿದ್ದಕ್ಕಿಂತ ವಾಂತಿ ಮಾಡಿದ್ದೇ ಜಾಸ್ತಿ.”

ಅವನ ಅಳತೆಯ ಪಟ್ಟಿ ಇದ್ದ ಕೊನೆಯ ಪುಟಗಳನ್ನು ಯಾರೋ ಸ್ಕ್ಯಾನ್ ಮಾಡದೆ ಬಿಟ್ಟಿದ್ದರು. ಈ ಸಲ ಹಸ್ನಾ ನನ್ನನ್ನು ಕೇಳಲಿಲ್ಲ. ಲಾತೀಫರ ಹೆಸರು ಹಿಡಿದು ವರ್ಷ ವರ್ಷ ಮುಂದೆ ಬಂದು, ಅವರು ಈಚೆಗೆ ಬರೆದ ಲೇಖನವೊಂದರ ಅಡಿಯಲ್ಲಿ ವಿಳಾಸ ಕಂಡುಹಿಡಿದಳು. ಈಗ ಅವರು ಕೆಂಡಾರಿ ಎಂಬ ನಗರದಲ್ಲಿದ್ದರು. ಪತ್ರ ಬರೆದ ನಾಲ್ಕನೆಯ ದಿನ ಅವರ ಹಳೆಯ ನೋಟುಪುಸ್ತಕದ ಅಷ್ಟೂ ಹಾಳೆಗಳ ಫೋಟೋ ಬಂದವು. ಆ ದೋಣಿಯವರು ಚೆನ್ನಾಗಿದ್ದಾರೆಯೇ ಎಂದೂ ಕೇಳಿದ್ದರು.

ಅದೇ ಜಾಗಗಳಲ್ಲಿ, ಅದೇ ಹೊತ್ತಿನಲ್ಲಿ ಹಸ್ನಾ ಎಂಟು ತಿಂಗಳು ಅಳೆದಳು. ಎರಡು ತಿಂಗಳುಗಳಲ್ಲಿ ನೀರು ಮೊದಲಿಗಿಂತ ಸ್ಪಷ್ಟವಾಗಿ ಬಿಸಿಯಾಗಿತ್ತು. ಪಾಚಿ ಬಿಳಿಯಾಗಲು ಶುರುವಾಗಿದ್ದೂ ಆಗಲೇ. ಮೌಖಿಕ ಪರೀಕ್ಷೆಯಲ್ಲಿ, ಹಾಗಾದರೆ ಸಿಗಡಿ ಹೊಂಡದ ನೀರು ಕಾರಣವಲ್ಲವೇ ಎಂದು ಪರೀಕ್ಷಕರು ಕೇಳಿದರು. ಮೇಜಿನ ಮೇಲೆ ಕೈಯಿಟ್ಟು ಅವಳು ಹೇಳಿದಳು: “ಅದು ನನಗೆ ಗೊತ್ತಿಲ್ಲ ಸರ್. ಎಲ್ಲೆಲ್ಲಿ ಹುಡುಕಿದೆ, ಏನು ಸಿಗಲಿಲ್ಲ ಅನ್ನೋದನ್ನ ನಾಲ್ಕನೇ ಅಧ್ಯಾಯದಲ್ಲಿ ಬರೆದಿದೀನಿ.” ಪರೀಕ್ಷಕರು ಆ ಅಧ್ಯಾಯವನ್ನು ಅಲ್ಲೇ ಓದಿ ತಲೆಯಾಡಿಸಿದರು.

ಈ ವರ್ಷ ಆ ಎರಡು ತಿಂಗಳಿಗೆ ಮೊದಲೇ ಡಾಯೆಂಗ್ ಕನಾಂಗ್ ಎಂಟು ಹಗ್ಗಗಳನ್ನು ಆಳದ ತಂಪು ನೀರಿಗೆ ಇಳಿಸಿದರು. ಮೂರು ಹಗ್ಗಗಳ ಪಾಚಿ ಬೆಳ್ಳಗಾಯಿತು. ಐದರದು ಹಾಗೇ ಕಂದು ಬಣ್ಣದಲ್ಲಿ, ದಪ್ಪಗೆ ಉಳಿದಿದೆ. ಮುಂದಿನ ವಾರ ಕೊಯ್ಲು, ನೀವೂ ಬನ್ನಿ ಎಂದು ಹಸ್ನಾ ನಿನ್ನೆ ಫೋನ್ ಮಾಡಿದ್ದಳು.