ಮುಟ್ಟುವ ಕೆಲಸ

“ಬೇವರ್ಸಿ, ಸೊಂಟ ಮುರೀತೀಯಾ? ಮೆಲ್ಲಗೆ ಹೊರಳಿಸಲಿಕ್ಕೆ ನಿಂಗೆ ಎಂತ ದಾಡಿ?”

ಅಜ್ಜಿ ಬೈದಾಗಲೆಲ್ಲ ಪೂಜಿತಾ ಮನಸ್ಸಿನಲ್ಲೇ ಮರಾಠಿಯಲ್ಲಿ ಹತ್ತರವರೆಗೆ ಎಣಿಸುತ್ತಿದ್ದಳು. ಇವತ್ತು ಎಣಿಸಲಿಲ್ಲ. ಇವತ್ತು ಈ ಮನೆಯಲ್ಲಿ ಅವಳ ಕೊನೆಯ ದಿನ. ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಿ, ಡೈಪರ್ ಬಿಚ್ಚಿ, ಒರೆಸಿ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದಳು. ಹತ್ತು ತಿಂಗಳ ಹಿಂದೆ ಅವಳು ಬಂದಾಗ ಅಂಗೈಯಗಲ ಇದ್ದ ಹುಣ್ಣು ಈಗ ಎಂಟಾಣೆಯಷ್ಟಾಗಿತ್ತು. ಅದನ್ನು ನೋಡಿದಾಗ ಬೈಗುಳವೆಲ್ಲ ಮರೆತು ಅವಳಿಗೆ ಹೆಮ್ಮೆಯಾಗುತ್ತಿತ್ತು.

ಅವಳು ಮಂಚದಿಂದ ಹಿಂದೆ ಸರಿದದ್ದೇ ತಡ, ಬಾಗಿಲಲ್ಲಿ ಚೊಂಬು ಹಿಡಿದು ಕಾದಿದ್ದ ಸೊಸೆ ಶ್ರೀಮತಿ ಒಳಬಂದು ಅಜ್ಜಿಯ ಮೇಲೆ ತುಳಸಿ ನೀರು ಚಿಮುಕಿಸಿದಳು. ದಿನಕ್ಕೆ ಮೂರು ಸಲ ಪೂಜಿತಾ ತೊಳೆಯಬೇಕು, ಮೂರು ಸಲ ಶ್ರೀಮತಿ ಚಿಮುಕಿಸಬೇಕು. ಹೇಲಿನಿಂದ ಹೋಗದ ಮಡಿ ಅದನ್ನು ತೊಳೆದವಳ ಕೈಯಿಂದ ಹೋಗುತ್ತಿತ್ತು.

“ಗ್ಲೌಸನ್ನು ಹೊರಗಿನ ಡಬ್ಬಿಗೇ ಹಾಕು. ಮೊನ್ನೆ ಒಳಗೆ ಹಾಕಿದ್ದಿ. ಎಷ್ಟು ಸಲ ಹೇಳುದು ನಿಂಗೆ?” ಎಂದಳು ಶ್ರೀಮತಿ.

ಪೂಜಿತಾಳ ಅಪ್ಪ ಮುಂಡಪ್ಪ, ಶ್ರೀಮತಿಯ ಗಂಡ ಪುಂಡರೀಕಾಕ್ಷ ರಾಯರ ಮಹಾಪೆಯ ಹೋಟೆಲಿನಲ್ಲಿ ಮೇಜು ಒರೆಸುವವನು. ಮೂವತ್ತು ವರ್ಷ ಒರೆಸಿದರೂ ಅಡುಗೆಮನೆಯ ಹೊಸ್ತಿಲು ದಾಟಿದವನಲ್ಲ. ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎಂ.ಎಸ್ಸಿ. ಸೀಟಿಗೆ ಓಡಾಡಿದಾಗ ಸರಕಾರಿ ಕಚೇರಿಯವರು, “ಜಾತಿ ಸರ್ಟಿಫಿಕೇಟ್ ಕರ್ನಾಟಕದ್ದು, ಇಲ್ಲಿ ಚಲ್ತಾ ನಹೀ” ಎಂದು ಕಾಗದ ವಾಪಸು ಎಸೆದರು. ಊರಿಗೆ ಹೋದರೆ ಅಲ್ಲಿಯವರು, “ನೀವು ಮಹಾರಾಷ್ಟ್ರದವರಲ್ವಾ?” ಎಂದರು. ಸಾಲಕ್ಕೆ ಹೋದರೆ ಬ್ಯಾಂಕಿನವರು ಜಾಮೀನು ಕೇಳಿದರು. ಯಾವ ಸರಕಾರಕ್ಕೂ ಕಾಣದ ಅವಳ ಜಾತಿ ಶ್ರೀಮತಿಯ ಚೊಂಬಿಗೆ ಮಾತ್ರ ದಿನಕ್ಕೆ ಮೂರು ಸಲ ಕಾಣುತ್ತಿತ್ತು.

ಆಗ ರಾಯರೇ ಮುಂಡಪ್ಪನನ್ನು ಕರೆದು ಹೇಳಿದ್ದರು: “ಅಮ್ಮ ಹಾಸಿಗೆ ಹಿಡಿದಿದ್ದಾರೆ, ಯಾವ ನರ್ಸೂ ವಾರ ನಿಲ್ಲುದಿಲ್ಲ. ಮಗಳನ್ನು ಕಳಿಸು. ಸಂಬಳ ಗಿಂಬಳ ಬೇಡ. ಬರುವ ವರ್ಷ ನಮ್ಮ ಟ್ರಸ್ಟಿನಿಂದ ಅವಳ ಫೀ ಪೂರ್ತಿ ಕಟ್ಟುವ, ಆಯ್ತಾ?” ಮುಂಡಪ್ಪ ಕೈಮುಗಿದ. ಪೂಜಿತಾ ಕಲ್ಯಾಣದ ನರ್ಸಿಂಗ್ ಹೋಮಿನ ಕೆಲಸ ಬಿಟ್ಟಳು. ದಿನಾ ಬೆಳಿಗ್ಗೆ ಟಿಟ್ವಾಳಾದಿಂದ ಠಾಣೆಗೆ, ಠಾಣೆಯಿಂದ ರಾಯರ ಮನೆಯಿರುವ ನೆರೂಳಕ್ಕೆ ಲೋಕಲ್ ರೈಲಿನಲ್ಲಿ ನಿಂತೇ ಬಂದಳು. ಈಗ ಸೀಟು ಸಿಕ್ಕಿತ್ತು. ಫೀ ಕಟ್ಟಲು ನಾಳೆ ಸೋಮವಾರ ಕಡೆಯ ದಿನ. ಇವತ್ತು ಟ್ರಸ್ಟಿನ ವಿದ್ಯಾನಿಧಿ ವಿತರಣೆ.

ರಾಯರ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲೇ ಸಭಾಗೃಹ. ಮುಂಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಹಿಂದಿನ ಸಾಲಿನಲ್ಲಿ ಕೂತಿದ್ದ. ರಾಯರ ಮಗ ಮಧ್ವೇಶ ಬಂದು ಅವನ ಕುರ್ಚಿಯ ಕಾಲಿಗೆ ಒದ್ದ.

“ಏ ಮುಂಡಪ್ಪ, ಸೇಠನ ಹಾಗೆ ಕೂತದ್ದು ಎಂತದು? ಮೊದಲ ಪಂಕ್ತಿ ಏಳ್ತಾ ಉಂಟು. ಎಲೆ ತೆಗೀಲಿಕ್ಕೆ ಜನ ಇಲ್ಲ. ಚಲ್, ಉಠ್!”

“ಮಗಳ ಹೆಸರು ಕರೀತಾರೆ ಸಣ್ಣ ಧಣಿ, ಒಂದು ಐದು ನಿಮಿಷ...”

“ನಿನ್ನ ಮಗಳೇನು ಓಡಿಹೋಗ್ತಾಳಾ?”

ಮುಂಡಪ್ಪ ಎದ್ದು ಹೋದ. ಮಗಳ ಹೆಸರು ಕರೆದಾಗ ಅವನು ಊಟದ ಕೋಣೆಯ ಬಾಗಿಲಲ್ಲಿ ಎಂಜಲೆಲೆಯ ಬಕೆಟ್ ಹಿಡಿದು ನಿಂತಿದ್ದ. ಪೂಜಿತಾ ವೇದಿಕೆ ಹತ್ತಿದಳು. ರೇಷ್ಮೆ ಪಂಚೆಯುಟ್ಟ ರಾಯರು ಅವಳ ಪಕ್ಕ ನಿಂತು ಮೈಕ್ ಹಿಡಿದರು.

“ಇವಳು ಯಾರು ಗೊತ್ತುಂಟಾ? ನಮ್ಮಲ್ಲಿ ಮೇಜು ಒರೆಸುವವನ ಮಗಳು. ನಮಗೆ ಭೇದ ಇಲ್ಲ. ಮುಂಡಪ್ಪಾ, ಎಲ್ಲಿದ್ದಿ? ಹಾಂ, ಅಲ್ಲಿ! ಬಕೆಟ್ ಸ್ವಲ್ಪ ಎತ್ತಿ ತೋರಿಸು ಮಾರಾಯಾ, ಎಲ್ಲರಿಗೂ ಕಾಣ್ಲಿ!”

ಸಭೆ ನಕ್ಕಿತು. ಮುಂಡಪ್ಪನೂ ನಕ್ಕು, ಎರಡು ಕೈಯಲ್ಲಿ ಬಕೆಟ್ ಎತ್ತಿ ಹಿಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪೂಜಿತಾ ನಾಳೆಯವರೆಗೆ ತಡೆದುಕೋ ಎಂದು ತನಗೆ ತಾನೇ ಹೇಳಿಕೊಂಡಳು.

ರಾಯರು ಲಕೋಟೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಚಾಚಿದರು. ಅವಳು ಬಗ್ಗಿ, ಇನ್ನೊಂದು ತುದಿ ಹಿಡಿದಳು. ಫೋಟೋದವನು “ಜರಾ ಹಸೂನ್, ಮ್ಯಾಡಮ್” ಎಂದಾಗ ನಕ್ಕಳು ಕೂಡ.

ಪರದೆಯ ಹಿಂದೆ ಹೋಗಿ ಲಕೋಟೆ ಬಿಚ್ಚಿದಳು. ಒಳಗೆ ಚೆಕ್ಕಿಲ್ಲ, ಚೀಟಿಯಿಲ್ಲ, ಗಾಳಿಯಷ್ಟೆ. ರಾಯರು ನೀರು ಕುಡಿಯಲು ಅತ್ತ ಬಂದಾಗ ಅಡ್ಡ ನಿಂತಳು.

“ಧಣಿ, ಇದರಲ್ಲಿ ಏನೂ ಇಲ್ಲ.”

“ಅದು ಫೋಟೋಕ್ಕೆ ಅಲ್ವಾ? ಎಲ್ಲರಿಗೂ ಹಾಗೇ ಕೊಡುದು. ಚೆಕ್ ಆಮೇಲೆ, ಕಮಿಟಿ ಪಾಸ್ ಮಾಡಿದ ಮೇಲೆ.”

“ನಾಳೆ ಲಾಸ್ಟ್ ಡೇಟ್ ಧಣಿ. ನಾಳೆ ಕಟ್ಟದಿದ್ರೆ ಸೀಟ್ ಜಾಯೇಗೀ. ನೀವೇ ಪ್ರಾಮಿಸ್ ಮಾಡಿದ್ರಿ.”

“ಹೋದ್ರೆ ಹೋಯ್ತು, ಮುಂದಿನ ವರ್ಷ ಉಂಟಲ್ಲ? ನೀನು ಓದ್ಲಿಕ್ಕೆ ಹೋದ್ರೆ ಅಮ್ಮನನ್ನು ಯಾರು ನೋಡುದು? ನಿಂತವಳು ನೀನೊಬ್ಬಳೇ. ಅವರು ಇರುವಷ್ಟು ದಿನ ಇರು, ಆಮೇಲೆ ನೋಡುವ.” ರಾಯರು ಗ್ಲಾಸು ಕೆಳಗಿಟ್ಟರು. “ಇಷ್ಟಕ್ಕೂ ನಿಮ್ಮವರಿಗೆ ಬಿ.ಎಸ್ಸಿ.ಯೇ ಜಾಸ್ತಿ ಆಯ್ತು. ನಿನ್ನ ಅಪ್ಪ ಯಾರ ಅನ್ನ ತಿನ್ನುದು ಅಂತ ನೆನಪಿರ್ಲಿ.”

ಅವಳಿಗೆ ಆ ಹುಣ್ಣು ನೆನಪಾಯಿತು. ಅದನ್ನು ಒಣಗಿಸಿದವಳು ಅವಳೇ. ಚೆನ್ನಾಗಿ ನೋಡಿಕೊಂಡಷ್ಟೂ ಅಜ್ಜಿ ಬದುಕುತ್ತಾಳೆ, ಅಜ್ಜಿ ಬದುಕಿದಷ್ಟೂ ತನಗೆ ಕಾಲೇಜಿಲ್ಲ.

ಅಷ್ಟರಲ್ಲಿ ರಾಯರ ಫೋನು ಬಡಿದುಕೊಂಡಿತು. ಆ ಕಡೆಯಿಂದ ಶ್ರೀಮತಿಯ ಕೂಗು ಪೂಜಿತಾಳಿಗೂ ಕೇಳಿಸಿತು. “ಅಮ್ಮ ಪೂರ್ತಿ ಮಾಡಿಕೊಂಡಿದ್ದಾರೆ! ಅವಳನ್ನು ಬೇಗ ಕಳಿಸಿ, ವಾಸನೆಗೆ ನಿಲ್ಲಲಿಕ್ಕೆ ಆಗುದಿಲ್ಲ!”

“ಕೇಳಿತಲ್ಲ? ಓಡು. ಊಟ ಬಂದು ಮಾಡುವಿಯಂತೆ,” ಎಂದು ರಾಯರು ವೇದಿಕೆಗೆ ನಡೆದರು. ಫೋನನ್ನು ಮೈಕಿನ ಪಕ್ಕದ ಮೇಜಿನ ಮೇಲಿಟ್ಟು, ದಾನದ ಮಹಿಮೆ ಹೇಳತೊಡಗಿದರು.

ಪೂಜಿತಾಳ ಪರ್ಸಿನಲ್ಲಿ ಯಾವಾಗಲೂ ಒಂದು ಜತೆ ಗ್ಲೌಸ್ ಇರುತ್ತಿತ್ತು. ತೆಗೆದು ಲಕೋಟೆಗೆ ತುರುಕಿದಳು. ನೆಟ್ಟಗೆ ವೇದಿಕೆ ಹತ್ತಿ, ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಚಾಚಿದಳು. ಫೋಟೋದವನು ಅಭ್ಯಾಸಬಲದಿಂದ ಕ್ಲಿಕ್ಕಿಸಿದ. ಕೃತಜ್ಞತೆಯ ಪತ್ರವಿರಬೇಕೆಂದು ರಾಯರು ನಗುತ್ತಲೇ ಬಿಚ್ಚಿದರು. ರಬ್ಬರ್ ಬೆರಳುಗಳು ಹೊರಗೆ ಜೋತುಬಿದ್ದವು.

ಅವಳು ಮೈಕಿಗೆ ಬಾಯಿ ತಂದಳು. “ನೀವು ಕೊಟ್ಟ ಲಕೋಟೆ ಖಾಲಿ ಇತ್ತು ಧಣಿ. ನಾನು ಖಾಲಿ ಕೊಡುದಿಲ್ಲ. ನಿಮ್ಮ ಅಮ್ಮ ಮನೇಲಿ ಹೇತುಕೊಂಡಿದ್ದಾರೆ. ನಿಮ್ಮ ಅಮ್ಮ, ನೀವು ತೊಳೀರಿ. ಚೊಂಬಲ್ಲಿ ತುಳಸಿ ನೀರು ಉಂಟು.”

ಗ್ಲೌಸ್ ರಾಯರ ಕೈಜಾರಿ ವೇದಿಕೆಯ ಮೇಲೆ ಬಿತ್ತು. ರಾಯರು ಬಗ್ಗಲಿಲ್ಲ. ಮಧ್ವೇಶ ಮುಖ ತಿರುಗಿಸಿದ. ಮೇಜಿನ ಮೇಲೆ ಫೋನು ಮತ್ತೆ ಹೊಡೆಯಿತು. ಮೈಕಿನಿಂದಾಗಿ ಅದು ಇಡೀ ಸಭೆಗೆ ಕೇಳಿಸಿತು. ಬಿದ್ದದ್ದನ್ನು ಎತ್ತಿಯೇ ಮೂವತ್ತು ವರ್ಷ ಕಳೆದ ಮುಂಡಪ್ಪ ಬಕೆಟ್ ಸಮೇತ ಓಡಿಬಂದು ವೇದಿಕೆಯ ಮೆಟ್ಟಿಲಿಗೆ ಕಾಲಿಟ್ಟ.

“ತಪ್ಪಾಯ್ತು ಧಣಿ. ಚಿಕ್ಕ ಹುಡುಗಿ, ತಲೆ ಸರಿ ಇಲ್ಲ. ನಾನು ಎತ್ತುತ್ತೇನೆ, ನಾನೇ ಹೋಗಿ ತೊಳೀತೇನೆ...”

ಪೂಜಿತಾ ಇಳಿದು ಬಂದು ಅವನ ಎದುರು ನಿಂತಳು.

“ಪಪ್ಪಾ, ಅದನ್ನು ನೀನು ಎತ್ತಿದ್ರೆ ನಾನು ಮನೆಗೆ ಬರುದಿಲ್ಲ.”

ಮುಂಡಪ್ಪನ ಒಂದು ಕಾಲು ಮೆಟ್ಟಿಲ ಮೇಲಿತ್ತು, ಒಂದು ನೆಲದ ಮೇಲೆ. ಬಕೆಟ್ಟಿನಿಂದ ಸಾರು ಅವನ ಇಸ್ತ್ರಿಯಂಗಿಯ ಮೇಲೆ ಇಳಿಯುತ್ತಿತ್ತು. ಫೋನು ನಿಂತು, ಮತ್ತೆ ಹೊಡೆಯತೊಡಗಿತು.