ಏಸಿ ಕಿತ್ತ ಪಾಂಟಿಯಾಕ್

ಮರುಭೂಮಿಯ ನಡುವಿನ ನಮ್ಮ ಯೂಮಾದಲ್ಲಿ ಜುಲೈ ಮಧ್ಯಾಹ್ನ ಕಿಟಕಿ ಮುಚ್ಚಿಕೊಂಡು ಹೋಗುವ ಕಾರನ್ನು ಯಾರೂ ತಿರುಗಿ ನೋಡುವುದಿಲ್ಲ. ಏಸಿ ಇಲ್ಲದೆ ಇಲ್ಲಿ ಯಾರೂ ಗಾಡಿ ಹತ್ತುವುದೇ ಇಲ್ಲವಲ್ಲ. ಡೆಲ್ಬರ್ಟ್ ಕೋಗನ್ ಅವರ ಕಡುಹಸಿರು ಪಾಂಟಿಯಾಕ್ ನಮ್ಮ ಅಂಗಡಿಯ ಮುಂದೆ ಹಾದುಹೋಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅರವತ್ತೇಳರ ಜಿಟಿಓ ಮಾಡೆಲ್. ಆ ಕಾಲದಲ್ಲಿ ಅದರ ಎಂಜಿನ್ನಿನ ಸದ್ದು ಕೇಳಿದರೆ ಗಂಡಸರು ಊಟ ಬಿಟ್ಟು ಬೀದಿಗೆ ಬರುತ್ತಿದ್ದರಂತೆ. ಅದರೊಳಗೆ ಏಸಿಯೇ ಇಲ್ಲ ಎಂದು ನನಗೆ ಗೊತ್ತಾದದ್ದು ಅವರಿಗೆ ಎಂಬತ್ತೊಂದು ತುಂಬಿದ ವರ್ಷ. ಅಂದು ರೇಡಿಯೇಟರ್ ಪೈಪು ಒಡೆದು ಗಾಡಿ ನಮ್ಮ ಶೆಡ್ಡಿನ ಮುಂದೆಯೇ ನಿಂತಿತ್ತು.

ಅಂಗಡಿ ನಮ್ಮಪ್ಪ ಯೂಸೆಬಿಯೋ ಬಾರಗಾನ್ ಕಟ್ಟಿದ್ದು. ರೇಡಿಯೇಟರ್ ಮತ್ತು ಕಾರಿನ ಏಸಿ, ಎರಡೇ ಕೆಲಸ. ಅಪ್ಪ ತೀರಿಕೊಂಡು ಆಗ ಆರು ವರ್ಷವಾಗಿತ್ತು. ಅವನ ಸ್ಪ್ಯಾನರುಗಳನ್ನು ಹಿಡಿದು ನಾನು, ಮಗಳು ಚೆಲೋ, ಅಂಗಡಿ ನಡೆಸಿಕೊಂಡು ಬರುತ್ತಿದ್ದೆ.

ನಾನು ಹೋಗಿ ಕಾರಿನ ಬಾಗಿಲು ತೆಗೆದೆ. ಬ್ರೆಡ್ ಸುಡುವ ಒಲೆಯ ಬಾಯಿ ತೆರೆದಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಮುದುಕರ ಅಂಗಿ ಬೆನ್ನಿಗೆ ಅಂಟಿತ್ತು, ತುಟಿ ಬಿಳಿಚಿಕೊಂಡಿತ್ತು. ಅವರನ್ನು ಕೈಹಿಡಿದು ಇಳಿಸಿ, ಫ್ಯಾನಿನ ಮುಂದೆ ಕೂರಿಸಿ, ಉಪ್ಪು ಹಾಕಿದ ನಿಂಬೆನೀರು ಕೊಟ್ಟೆ. ಅರ್ಧ ಲೋಟ ಮಾತ್ರ ಕುಡಿದರು. ಬಾನೆಟ್ ಎತ್ತಿದರೆ ಕಂಪ್ರೆಸರ್ ಇರಬೇಕಾದ ಜಾಗದಲ್ಲಿ ಬರೀ ಬೋಲ್ಟಿನ ತೂತುಗಳು. ಎಂಜಿನ್ನಿನ ಹಿಂದಿನ ಗೋಡೆಯಲ್ಲಿ ಏಸಿ ಪೆಟ್ಟಿಗೆ ಕೂರುತ್ತಿದ್ದ ತೂತಿಗೆ ತಗಡು ಹೊಡೆದಿತ್ತು. ಆ ರಿವೆಟ್‌ಗಳ ಸಾಲು ಎಷ್ಟು ನೇರವಾಗಿತ್ತೆಂದರೆ, ಅದು ಅಪ್ಪನ ಕೈಕೆಲಸ ಎಂದು ನೋಡಿದೊಡನೆ ತಿಳಿಯಿತು.

ಕೇಳಿದೆ. ಹೌದು, ಎಪ್ಪತ್ತೊಂದರ ಮಾರ್ಚ್‌ನಲ್ಲಿ, ಒಂದು ಶನಿವಾರ, ಇದೇ ಶೆಡ್ಡಿನಲ್ಲಿ ನಾನೂ ನಿಮ್ಮಪ್ಪನೂ ಸೇರಿ ಕಿತ್ತೆವು ಎಂದರು.

“ವಾಪಸ್ ಹಾಕ್ಕೊಡ್ಲಾ ಮಿಸ್ಟರ್ ಡೆಲ್? ಈ ಬಿಸಿಲಲ್ಲಿ ಹಿಂಗೆ ಓಡಾಡಿದ್ರೆ ಬೆಂದು ಹೋಗ್ತೀರ.”

“ಪೈಪು ಹಾಕು, ಸಾಕು. ನಿಮ್ಮಪ್ಪ ಇಷ್ಟು ಮಾತಾಡ್ತಿರ್ಲಿಲ್ಲ.”

“ಅದಕ್ಕೇ ಅಂಗಡಿ ಬೆಳೀದೆ ಇಷ್ಟರಲ್ಲೇ ಉಳೀತು.”

ಅವರು ನಗಲಿಲ್ಲ. ಪೈಪು ಹಾಕಿಸಿಕೊಂಡು, ಗಾಜುಗಳನ್ನು ಮೇಲೇರಿಸಿಕೊಂಡು ಹೊರಟರು.

ಮರುದಿನ ಅವರ ಮಗಳು ಮೆರಿಲೀ ಬಂದಳು. ಲೆಟ್ಯೂಸ್ ಸೊಪ್ಪನ್ನು ತಂಪುಮಾಡಿ ಲಾರಿಗೆ ತುಂಬುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳು. ಅಪ್ಪನಿಗೆ ತಿಳಿಯದಂತೆ ಬಂದಿದ್ದೇನೆ ಎಂದಳು. ಐವತ್ತು ವರ್ಷಗಳಿಂದ ಜುಲೈ ಬಂತೆಂದರೆ ಅವರು ದಿನಾ ಮಧ್ಯಾಹ್ನ ಗಾಜು ಮುಚ್ಚಿಕೊಂಡು ಹೈಡರ್ ಎಂಬ ಹಳ್ಳಿಯ ಕಡೆಯ ಹಳೆಯ ರಸ್ತೆಯಲ್ಲಿ ಹೋಗಿ ಬರುತ್ತಾರಂತೆ. ಈ ವರ್ಷ ಹೋದರೆ ವಾಪಸ್ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಕೀಲಿ ಬಚ್ಚಿಟ್ಟರೆ ಬೇರೆ ಕೀಲಿ ಮಾಡಿಸಿಕೊಂಡರು.

“ಆ ಕಾರು ಬಿಡ್ಸೋಕೆ ನನ್ನಿಂದಾಗಲ್ಲ ಚೆಲೋ. ಏಸಿನಾದ್ರೂ ಹಾಕು. ನಿನ್ ಮಾತು ಕೇಳಬಹುದು, ನೀನು ಯೂಸೆಬಿಯೋ ಮಗಳು.”

ಯಾಕೆ ಆ ರಸ್ತೆ ಎಂದು ಕೇಳಿದ್ದಕ್ಕೆ ಅವಳು ಎಲ್ಲವನ್ನೂ ಹೇಳಿದಳು.

ಡೆಲ್ಬರ್ಟ್ ಆಗ ಕಾಲುವೆಯ ನೀರಿನ ಗೇಟುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಭಾನುವಾರ ಬಂದರೆ ಕಾರು ರೇಸ್. ಯಾರೋ ಒಬ್ಬನ ಎದುರು ಕೂದಲೆಳೆಯಲ್ಲಿ ಸೋತದ್ದು ಅವರಿಗೆ ತಡೆಯಲಾಗಲಿಲ್ಲ. ಏಸಿಯದ್ದೇ ಒಬ್ಬ ಹುಡುಗನಷ್ಟು ಭಾರ, ಅದನ್ನು ಇಳಿಸಿದರೆ ಗೆಲ್ಲುತ್ತೇನೆ ಎಂದು ಕಿತ್ತರು. ಹೆಂಡತಿ ಆರ್ಡಿತ್ ಆ ಕಾರನ್ನು ಒಪ್ಪಿದ್ದೇ ಏಸಿ ಇದೆಯೆಂದು. ಜೂನ್‌ಗೆ ಮುಂಚೆ ವಾಪಸ್ ಹಾಕಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟರು. ರೇಸುಗಳಲ್ಲಿ ಗೆದ್ದರು ಕೂಡ. ಜೂನ್ ಕಳೆಯಿತು, ಹಾಕಿಸಲಿಲ್ಲ.

ಜುಲೈ ಒಂಬತ್ತರಂದು ಆರ್ಡಿತ್, ಐದು ವರ್ಷದ ಮೆರಿಲೀಯನ್ನು ಕೂರಿಸಿಕೊಂಡು ಹೈಡರ್ ಹತ್ತಿರ ಅಕ್ಕನ ಮನೆಗೆ ಹೊರಟಳು. ನಡುದಾರಿಯಲ್ಲಿ, ರೈಲುಹಳಿಯ ಸೇತುವೆಯ ಹತ್ತಿರ ಕಾರು ಕೆಮ್ಮಿ ನಿಂತುಬಿಟ್ಟಿತು. ಒಂದು ಗಂಟೆ ಕಾದರೂ ಯಾರೂ ಬರಲಿಲ್ಲ. ಮಗುವನ್ನು ಸೇತುವೆಯ ಕೆಳಗಿನ ನೆರಳಿನಲ್ಲಿ ಕೂರಿಸಿ, ಇದ್ದ ನೀರಿನ ಜಗ್ಗನ್ನೆಲ್ಲ ಅದಕ್ಕೇ ಕೊಟ್ಟು, ನೂರು ಎಣಿಸಿದಾಗಲೆಲ್ಲ ಒಂದು ಮುಚ್ಚಳ ಕುಡಿ ಎಂದು ಹೇಳಿ, ತಾನು ನಡೆದು ಹೊರಟಳು.

“ನಂಗೆ ಇಪ್ಪತ್ತರವರೆಗೇ ಬರ್ತಿತ್ತು,” ಎಂದಳು ಮೆರಿಲೀ. “ಇಪ್ಪತ್ತಾದ ತಕ್ಷಣ ಕುಡೀತಿದ್ದೆ. ಅದಕ್ಕೇ ಉಳಿದೆ ಅಂತ ಆಮೇಲೆ ಡಾಕ್ಟರ್ ಹೇಳಿದ್ರಂತೆ. ನೂರು ಗೊತ್ತಿದ್ದಿದ್ರೆ ನಾನೂ ಇರ್ತಿರ್ಲಿಲ್ಲ.”

ಆರ್ಡಿತ್ ಸಿಕ್ಕಿದ್ದು ಎರಡು ಮೈಲಿ ಆಚೆ, ರಸ್ತೆಯ ಪಕ್ಕದಲ್ಲಿ. ಸಂಜೆ ಬಂದ ಪೊಲೀಸಿನವನು ಕಾರಿನ ಕೀಲಿ ತಿರುಗಿಸಿ ನೋಡಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಮೆರಿಲೀ ಹೋದ ಮೇಲೆ ಆ ಕೊನೆಯ ಮಾತು ನನ್ನ ತಲೆಯಲ್ಲೇ ಉಳಿಯಿತು. ಬಿಸಿಲಲ್ಲಿ ನಿಂತು ತಣ್ಣಗಾದ ಮೇಲೆ ಹೊರಡುವ ಗಾಡಿಯ ಕಾಯಿಲೆ ಯಾವುದೆಂದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಪೈಪಿನೊಳಗೇ ಪೆಟ್ರೋಲು ಕುದ್ದು ಆವಿಯಾದರೆ ಎಂಜಿನ್ನಿಗೆ ಏನೂ ತಲುಪುವುದಿಲ್ಲ. ಅದಕ್ಕೂ ಏಸಿಗೂ ಏನು ಸಂಬಂಧ? ಏಸಿ ಇದ್ದಿದ್ದರೆ ಎಂಜಿನ್ ಇನ್ನೂ ಹೆಚ್ಚು ಕಾಯುತ್ತಿತ್ತು, ಇನ್ನೂ ಮೊದಲೇ ನಿಲ್ಲುತ್ತಿತ್ತು. ಐವತ್ತು ವರ್ಷ ಆ ಮನುಷ್ಯ ತನ್ನದಲ್ಲದ ತಪ್ಪಿಗೆ ಬೇಯುತ್ತಿದ್ದಾನಲ್ಲ ಎಂದು ಮರುಕವಾಯಿತು.

ಅವರ ಮನೆಗೆ ಹೋಗಿ ಹಾಗೆಯೇ ಹೇಳಿದೆ. ಡೆಲ್ಬರ್ಟ್ ವರಾಂಡದಲ್ಲಿ ಕೂತು ಡಬ್ಬಿಯಿಂದ ಪೀಚ್ ಹಣ್ಣಿನ ಹೋಳು ತಿನ್ನುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. ಚಮಚವನ್ನು ಡಬ್ಬಿಯಲ್ಲಿಟ್ಟು, ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು.

“ತಗೊಂಡ್ಹೋಗು. ಎಲ್ಲಾ ಬಿಚ್ಚಿ ನೋಡು. ನೋಡಿದ್ಮೇಲೂ ಇದೇ ಮಾತಿದ್ರೆ ಬಂದು ಹೇಳು.”

ಬಿಚ್ಚಿದೆ. ಪೆಟ್ರೋಲ್ ಪಂಪಿನಿಂದ ಮೇಲೆ ಹೋಗುವ ಪೈಪಿನ ಜೊತೆಗೆ, ಕಾರಿನ ಉದ್ದಕ್ಕೂ ಇನ್ನೊಂದು ಸಣ್ಣ ಪೈಪು ಟ್ಯಾಂಕಿಗೆ ಹಿಂದಿರುಗುತ್ತಿತ್ತು. ಏಸಿ ಇದ್ದ ಗಾಡಿಗಳಿಗೆ ಕಾರ್ಖಾನೆಯಲ್ಲೇ ಅದನ್ನು ಇಟ್ಟಿದ್ದರು. ಎಂಜಿನ್ ಹೆಚ್ಚು ಕಾಯುವುದರಿಂದ ಬಿಸಿ ಪೆಟ್ರೋಲೂ ಆವಿಯೂ ಅದರಲ್ಲಿ ವಾಪಸ್ ಹೋಗಲಿ, ಗಾಡಿ ನಡುದಾರಿಯಲ್ಲಿ ನಿಲ್ಲದಿರಲಿ ಎಂದು. ಆ ಪೈಪಿನ ಬಾಯಿಗೆ ಹಿತ್ತಾಳೆಯ ಮುಚ್ಚಳ ಹಾಕಿ ಬಿಗಿದಿತ್ತು. ಮುಚ್ಚಳದ ಕೆಳಗೆ ತಾಮ್ರದ ವಾಷರ್. ವಾಷರಿನ ಅಂಚನ್ನು ಅರದಿಂದ ಉಜ್ಜಿ ನಯ ಮಾಡಲಾಗಿತ್ತು. ಹಾಗೆ ಉಜ್ಜುವುದನ್ನು ನನಗೆ ಕಲಿಸಿದ್ದು ಅಪ್ಪ.

ಈ ಬಾಯಿ ಮುಚ್ಚಿದ್ದರಿಂದಲೇ ಅಂದು ಗಾಡಿ ನಡುದಾರಿಯಲ್ಲಿ ನಿಂತಿತ್ತು, ಮುಚ್ಚಿದವನು ಅಪ್ಪ.

ಪ್ರತಿವರ್ಷ ಜುಲೈ ಒಂಬತ್ತಕ್ಕೆ ಅಪ್ಪ ಅಂಗಡಿ ಮುಚ್ಚಿ ಒಬ್ಬನೇ ಚರ್ಚಿಗೆ ಹೋಗುತ್ತಿದ್ದ. ಯಾವುದೋ ಸಂತನ ದಿನ ಎಂದುಕೊಂಡಿದ್ದೆವು. ಯಾವ ಗಾಡಿ ರಿಪೇರಿಯಾಗಿ ಹೊರಟರೂ, ಬಾನೆಟ್ ಹಾಕುವ ಮುಂಚೆ ಪೆಟ್ರೋಲ್ ಪೈಪನ್ನು ಎರಡು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದ. ಕೊನೆಯ ವಾರ ಆಸ್ಪತ್ರೆಯಲ್ಲಿ ಜ್ವರ ಏರಿದಾಗ ನನ್ನ ಮಣಿಕಟ್ಟು ಹಿಡಿದು, “ಪೈಪು ಸುಡ್ತಾ ಇದೆ ಮಿಹಾ, ಒದ್ದೆ ಬಟ್ಟೆ ಸುತ್ತು,” ಎಂದು ಒಂದೇ ಸಮನೆ ಹೇಳಿದ್ದ. ಮಿಹಾ ಎಂದರೆ ಮಗಳೇ ಎಂದು. ಕೈಗೆ ಹಾಕಿದ್ದ ಸಲೈನ್ ಪೈಪಿನ ಮಾತು ಇರಬೇಕೆಂದು ನಾನು ಅದಕ್ಕೇ ಒದ್ದೆ ಬಟ್ಟೆ ಸುತ್ತಿ ಸಮಾಧಾನ ಮಾಡಿದ್ದೆ.

ಶೆಡ್ಡಿನ ಅಟ್ಟ ಹತ್ತಿ ಹುಡುಕಿದೆ. ಹಿಂದಿನ ಮೂಲೆಯಲ್ಲಿ ಟಾರ್ಪಾಲಿನಲ್ಲಿ ಸುತ್ತಿದ ಗಂಟು ಸಿಕ್ಕಿತು. ಕಂಪ್ರೆಸರ್, ಬ್ರಾಕೆಟ್ಟುಗಳು, ಪೆಟ್ಟಿಗೆ, ಒಂದು ಬೋಲ್ಟೂ ಬಿಡದೆ ಎಲ್ಲವೂ ಇದ್ದವು. ರಟ್ಟಿನ ಚೀಟಿಯ ಮೇಲೆ ಅಪ್ಪನ ಅಕ್ಷರ: ‘ಡೆಲ್. ಜೂನ್‌ಗೆ ಮುಂಚೆ.’ ಕಬ್ಬಿಣಕ್ಕೆ ಸ್ವಲ್ಪವೂ ತುಕ್ಕು ಹಿಡಿದಿರಲಿಲ್ಲ. ವರ್ಷ ವರ್ಷವೂ ಯಾರೋ ಎಣ್ಣೆ ಒರೆಸಿದ್ದರು. ಯಾರು ಎಂದು ಕೇಳಿಕೊಳ್ಳಬೇಕಾಗಿರಲಿಲ್ಲ.

ಎರಡು ದಿನ ನಾನು ಡೆಲ್ಬರ್ಟ್ ಮನೆಯ ಕಡೆ ಹೋಗಲಿಲ್ಲ. ಆ ಮುಚ್ಚಳ ತೆಗೆದು ಎಸೆದು, ನಾನು ಹೇಳಿದ್ದೇ ಸರಿ ಎಂದುಬಿಟ್ಟರೆ ಒಬ್ಬ ಮುದುಕ ನೆಮ್ಮದಿಯಾಗಿ ಸಾಯುತ್ತಾನೆ, ಅಪ್ಪನ ಹೆಸರೂ ಉಳಿಯುತ್ತದೆ ಎಂದು ಯೋಚಿಸಿದೆ. ಶೆಡ್ಡಿನಲ್ಲಿ ಕಾರು ನಿಂತೇ ಇತ್ತು. ಅದರ ಪಕ್ಕ ಹಾದುಹೋಗುವಾಗಲೆಲ್ಲ ಯಾರೋ ಒಳಗೆ ಕೂತು ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಹಗಲಿನಲ್ಲೇ. ಒಮ್ಮೆ ಬಾಗಿಲು ತೆಗೆದೂ ನೋಡಿದೆ. ಪಕ್ಕದ ಸೀಟು ಬಿಸಿಯಾಗಿತ್ತು. ಶೆಡ್ಡಿನೊಳಗೆ, ನೆರಳಿನಲ್ಲಿ, ಎರಡು ದಿನ ನಿಂತ ಕಾರಿನ ಒಂದೇ ಸೀಟು. ತಗಡಿನ ಮಾಡಿನ ಕಾವು ಇರಬೇಕು ಎಂದುಕೊಂಡು ಬಾಗಿಲು ಹಾಕಿದೆ. ಆದರೆ ಅದೇ ಸಂಜೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಡೆಲ್ಬರ್ಟ್ ಮುಖ ಬದಲಾಗಲಿಲ್ಲ.

“ಗೊತ್ತು,” ಎಂದರು. “ಆರ್ಡಿತ್ ಮಣ್ಣಾದ ವಾರಕ್ಕೇ ನಿಮ್ಮಪ್ಪ ಬಂದು ಹೇಳಿದ. ಪೊಲೀಸರ ಮುಂದೆ ಹೇಳ್ತೀನಿ ಅಂತ ಹಟ ಹಿಡಿದ. ನಾನೇ ಬೇಡ ಅಂದೆ. ಆ ಪೈಪು ಮುಚ್ಚು ಅಂದಿದ್ದು ನಾನು ಕಣಮ್ಮ. ವಾಪಸ್ ಹೋಗೋ ಪೆಟ್ರೋಲು ದಂಡ, ಎಲ್ಲಾ ಎಂಜಿನ್ನಿಗೇ ಬರ್ಲಿ ಅಂದೆ. ಅವನು ಬೇಡ ಡೆಲ್, ಇದು ಇರ್ಲಿ ಅಂತ ಎರಡು ಸಲ ಹೇಳ್ದ. ನೀನು ಮೆಕ್ಯಾನಿಕ್ಕೋ ಪಾದ್ರಿನೋ ಅಂತ ನಾನು ನಕ್ಕೆ.”

ಆಮೇಲೆ ಹೇಳಿದರು. “ಒಂದು ಲೋಟ ನೀರು ಸಾಕಾಗಿತ್ತು. ಬಟ್ಟೆ ಒದ್ದೆ ಮಾಡಿ ಪಂಪಿಗೆ ಸುತ್ತಿದ್ರೆ ಕಾಲು ಗಂಟೇಲಿ ಗಾಡಿ ಹೊರಡ್ತಿತ್ತು. ರೇಸಲ್ಲಿ ನಾವು ಎಷ್ಟು ಸಲ ಮಾಡಿಲ್ಲ. ಅವಳಿಗೆ ನಾನು ಅದನ್ನ ಹೇಳಿಕೊಟ್ಟಿರ್ಲೇ ಇಲ್ಲ.”

ಎಲ್ಲಾ ಗೊತ್ತಿದ್ದೂ ನನ್ನ ಕೈಗೆ ಕೀಲಿ ಯಾಕೆ ಕೊಟ್ಟಿರಿ ಎಂದು ಕೇಳಿದೆ. ಯೂಸೆಬಿಯೋ ಹೋದ ಮೇಲೆ ಇದನ್ನು ಬಲ್ಲವನು ನಾನೊಬ್ಬನೇ ಆಗಿದ್ದೆ, ಒಬ್ಬನೇ ಹೊರುವುದು ಕಷ್ಟವಾಗಿತ್ತು ಎಂದರು. ಏಳುವಾಗ, ಅಟ್ಟದ ಮೇಲೆ ಏಸಿಯ ಭಾಗಗಳೆಲ್ಲ ಹಾಗೇ ಇವೆ ಎಂದೆ. ಅವರು ಬಹಳ ಹೊತ್ತು ಅಂಗಳ ನೋಡಿದರು. ಕೊನೆಗೆ, “ಹಾಕು,” ಎಂದರು. “ಮೊದ್ಲು ಆ ಮುಚ್ಚಳ ತೆಗಿ.”

ಹದಿನೈದು ದಿನ ಹಿಡಿಯಿತು. ಒಣಗಿದ ಸೀಲುಗಳನ್ನು ಬದಲಿಸಿ, ಹೊಸ ಗ್ಯಾಸ್ ತುಂಬಿದೆ. ಅಪ್ಪ ಹೊಡೆದಿದ್ದ ತಗಡನ್ನು ಬಿಡಿಸಿ, ಪೆಟ್ಟಿಗೆಯನ್ನು ಅದರ ಜಾಗಕ್ಕೆ ಕೂರಿಸಿದೆ. ಜುಲೈ ಕೊನೆಯ ಶನಿವಾರ ಮಧ್ಯಾಹ್ನ ಮೂವರೂ ಹೊರಟೆವು. ಮುಂದೆ ಡೆಲ್ಬರ್ಟ್ ಮತ್ತು ಮೆರಿಲೀ, ಹಿಂದಿನ ಸೀಟಿನಲ್ಲಿ ನಾನು. ಊರು ದಾಟಿದ ಮೇಲೆ ಅವರೇ ಗುಂಡಿ ತಿರುಗಿಸಿದರು. ತಣ್ಣನೆಯ ಗಾಳಿ ಬಂದು ಮೆರಿಲೀಯ ನರೆತ ಕೂದಲನ್ನು ಹಾರಿಸಿತು.

ರೈಲು ಸೇತುವೆಯ ಹತ್ತಿರ ಕಾರು ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ, ಏಸಿಯನ್ನೂ ಆರಿಸಲಿಲ್ಲ. ಸೇತುವೆಯ ಅಡಿ ಬಿಟ್ಟರೆ ನೆರಳಿಲ್ಲದ ಬಟಾಬಯಲು. ಹೊರಗೆ ರಸ್ತೆ ಬಿಸಿಲಿಗೆ ಅಲೆಯಾಡುತ್ತಿತ್ತು. ಅವರು ಸ್ಟಿಯರಿಂಗ್ ಹಿಡಿದು ಕಾಯುತ್ತಿದ್ದರು. ಏನನ್ನು ಕಾಯುತ್ತಿದ್ದಾರೆಂದು ನನಗೆ ತಡವಾಗಿ ತಿಳಿಯಿತು. ಗಾಡಿ ನಿಲ್ಲುವುದನ್ನು ಕಾಯುತ್ತಿದ್ದರು. ಅದು ನಿಂತುಬಿಟ್ಟಿದ್ದರೆ, ಏಸಿ ಇದ್ದರೂ, ಆ ಪೈಪು ತೆರೆದಿದ್ದರೂ, ಆರ್ಡಿತ್ ಉಳಿಯುತ್ತಿರಲಿಲ್ಲ ಎಂದಾಗುತ್ತಿತ್ತು.

ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಎಂಜಿನ್ ಒಂದು ಸಲವೂ ಕೆಮ್ಮದೆ ಒಂದೇ ಸಮ ಓಡುತ್ತಿತ್ತು. ಮೆರಿಲೀ ಇಳಿದು ಸೇತುವೆಯ ಕೆಳಗೆ ಹೋಗಿ ಕೂತಳು. ಅಷ್ಟು ದೂರದಿಂದಲೂ ಅವಳ ತುಟಿ ಅಲುಗುವುದು ಕಾಣುತ್ತಿತ್ತು. ಮುಕ್ಕಾಲು ಗಂಟೆಯಾದ ಮೇಲೆ ಡೆಲ್ಬರ್ಟ್ ಖಾಲಿಯಾದ ಪಕ್ಕದ ಸೀಟಿನ ಕಡೆ ತಿರುಗಿ ಮೆಲ್ಲಗೆ, “ನಿಲ್ತಾನೇ ಇಲ್ಲ,” ಎಂದರು. ಆಮೇಲೆ ಸೀಟಿನ ಮೇಲೆ ಅಂಗೈಯಿಟ್ಟು ಹಾಗೇ ಕೂತರು.

ಮೆರಿಲೀ ಬಂದು, ಅವರನ್ನು ಎಬ್ಬಿಸಿ, ನನ್ನ ಪಕ್ಕ ಕೂರಿಸಿದಳು. ಕಾರನ್ನು ಊರಿಗೆ ತಂದವಳು ಅವಳೇ. ದಾರಿಯುದ್ದಕ್ಕೂ ಮುದುಕರು ಚಳಿಗೆ ನಡುಗಿದರು. ಏಸಿ ಕಡಿಮೆ ಮಾಡಲಾ ಡ್ಯಾಡಿ ಎಂದು ಅವಳು ಕೇಳಿದಾಗಲೆಲ್ಲ ಬೇಡವೆಂದು ತಲೆಯಾಡಿಸಿದರು.

ಅವರು ಮತ್ತೆ ಆ ಕಾರನ್ನು ಓಡಿಸಲಿಲ್ಲ. ಮಗಳು ಅದರಲ್ಲೇ ಕೆಲಸಕ್ಕೆ ಹೋಗಬೇಕೆಂದರು. ದಿನಾ ಮಧ್ಯಾಹ್ನ ಅವಳಿಗೆ ಫೋನ್ ಮಾಡಿ, ಗಾಡಿ ಓಡ್ತಿದೆಯಾ ಎಂದು ಕೇಳುತ್ತಿದ್ದರು. ಬಾಯಲ್ಲಿ ಹೇಳಿದರೆ ನಂಬುತ್ತಿರಲಿಲ್ಲ. ಅವಳು ಕೆಲಸ ಬಿಟ್ಟು ಹೊರಗೆ ಬಂದು, ಕಾರು ಸ್ಟಾರ್ಟ್ ಮಾಡಿ, ಫೋನನ್ನು ಬಾನೆಟ್ಟಿಗೆ ಹಿಡಿಯಬೇಕಿತ್ತು. ಅವರು ಕೇಳಿಸಿಕೊಂಡು ಫೋನಿಡುತ್ತಿದ್ದರು. ಒಂದೂವರೆ ವರ್ಷ ಹೀಗೇ ನಡೆದು, ಒಂದು ಜನವರಿಯಲ್ಲಿ, ತಂಪಾದ ದಿನವೊಂದರಲ್ಲಿ ತೀರಿಕೊಂಡರು.

ಮೆರಿಲೀ ಕೆಲಸ ಬಿಟ್ಟು ಉತ್ತರದ ಬೆಟ್ಟಗಳ ಕಡೆ ಮನೆ ಮಾಡಿದಳು. ಪೈನ್ ಮರಗಳ ಊರು, ಜೂನ್‌ನಲ್ಲೂ ಸ್ವೆಟರ್ ಬೇಕಾಗುತ್ತದೆ. ಹೊರಡುವ ಮುಂಚೆ ಬೆಲ್ಟು ನೋಡಿಸಲು ಕಾರು ತಂದಿದ್ದಳು. ಅಲ್ಲಿ ಈ ಏಸಿ ಸುಮ್ಮನೆ ಭಾರ, ತೆಗೆದುಬಿಡಲಾ ಎಂದು ಕೇಳಿದೆ.

“ಬೇಡ,” ಎಂದಳು. “ಇರ್ಲಿ.”

ನಾನು ಪೆಟ್ರೋಲ್ ಪೈಪನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ ಬಾನೆಟ್ ಹಾಕಿದೆ. ಅವಳು ನೀರಿನ ಕ್ಯಾನುಗಳನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೊರಟಳು. ನಾಲ್ಕು ಕ್ಯಾನು, ಒಬ್ಬಳಿಗೆ.