ಕೊಕ್ಕರೆ ಪಡೆ, ಕಪ್ಪೆ ಪಡೆ

ನಾನು ಗಡಿಯಾರ ರಿಪೇರಿಯವನು. ಕೂದಲಿಗಿಂತ ತೆಳುವಾದ ಸ್ಪ್ರಿಂಗು ಎಲ್ಲಿ ವಾಲಿದೆ ಎಂದು ಒಂದೇ ನೋಟದಲ್ಲಿ ಹೇಳಬಲ್ಲೆ. ಈ ಕಣ್ಣಿನ ಮೇಲೆ ನನಗೆ ಮೊದಲಿನಿಂದಲೂ ಜಂಬ. ಆ ಜಂಬವನ್ನು ಇಳಿಸಿದವಳು ನನ್ನ ಹೆಂಡತಿ.

ಹಳೆಯ ಕಂಚಿನ ಬೊಂಬೆಗಳನ್ನು ಕೂಡಿಹಾಕುವುದು ನನ್ನ ಹುಚ್ಚು. ಹೆಬ್ಬೆರಳಿನಷ್ಟು ಎತ್ತರದ, ಮೈತುಂಬ ಬಣ್ಣ ಬಳಿದ ಪ್ರಾಣಿಪಕ್ಷಿಗಳು. ಅವುಗಳಲ್ಲಿ ನನ್ನ ಜೀವವೆಂದರೆ ಒಂದು ಚದುರಂಗದ ಸೆಟ್ಟು: ಒಂದು ಕಡೆ ಹದಿನಾರು ಕೊಕ್ಕರೆ, ಇನ್ನೊಂದು ಕಡೆ ಹದಿನಾರು ಕಪ್ಪೆ. ಕಪ್ಪೆರಾಜನ ಹೊಟ್ಟೆ ನೋಡಿ ನಗದವನು ಮನುಷ್ಯನೇ ಅಲ್ಲ. ಈ ಬಣ್ಣವನ್ನು ಬೆಂಕಿಗೆ ಹಿಡಿದು ಗಟ್ಟಿ ಮಾಡಿರುವುದಿಲ್ಲ, ಸುಮ್ಮನೆ ಮೇಲೆ ಹಚ್ಚಿರುತ್ತಾರೆ. ಕೈ ತಾಗಿದಷ್ಟೂ ಸವೆಯುತ್ತದೆ. ಹಾಗಾಗಿ ಹಳೇ ಬಣ್ಣ ಉಳಿದಿರುವ ಸೆಟ್ಟಿಗೆ ಭಾರೀ ಮರ್ಯಾದೆ. ನನ್ನದರ ಬಣ್ಣ ನಿನ್ನೆ ಬಳಿದ ಹಾಗಿತ್ತು. ನನ್ನಂಥ ಇತರ ಹುಚ್ಚರು ಬಂದು ನೋಡಿ, "ನಿಮ್ಮ ಕೈ ಹಗುರ ಬಿಡಿ" ಎಂದು ಹೊಟ್ಟೆ ಉರಿದುಕೊಂಡು ಹೋಗುತ್ತಿದ್ದರು. ಹೌದೆಂದು ನಾನೂ ನಂಬಿದ್ದೆ. ದಿನಾ ಅಂಗಡಿಯಿಂದ ಬಂದವನೇ ಒಂದೊಂದನ್ನೂ ಎತ್ತಿ, ಭೂತಗನ್ನಡಿಯಲ್ಲಿ ನೋಡಿ ಇಡುತ್ತಿದ್ದೆ. ಹೆಂಡತಿಗೆ ಮಾತ್ರ ಕಟ್ಟಪ್ಪಣೆ: ಧೂಳು ಹೊಡೆಯಲಿಕ್ಕೂ ಮುಟ್ಟಕೂಡದು.

ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು. ಜಗಳವಿಲ್ಲ, ಕದನವಿಲ್ಲ. "ತಂಗಿ ಮನೇಲಿ ನಾಲ್ಕು ದಿನ ಇದ್ದು ಬರ್ತೀನಿ" ಎಂದವಳು ಬರಲಿಲ್ಲ. ಬಂದರೆ ಬರಲಿ, ಬಿಟ್ಟರೆ ಬಿಡಲಿ ಎಂದು ಮೊದಮೊದಲು ಹಟ ಹಿಡಿದೆ. ಆಮೇಲೆ ಮನೆ ಬಿಕೋ ಎನ್ನತೊಡಗಿತು. ಅಡುಗೆಮನೆಯಲ್ಲಿ ಚಮಚ ಬಿದ್ದರೆ ಬೀಳಿಸಿದವನೂ ನಾನೇ, ಬೈಯುವವನೂ ನಾನೇ, ಎತ್ತಿಡುವವನೂ ನಾನೇ. ಅವಳು ವಾಪಸ್ ಬರಬೇಕು, ಅಷ್ಟೇ ನನಗೆ ಬೇಕಿದ್ದದ್ದು. ಆದರೆ ಫೋನಿನಲ್ಲಿ "ಆರಾಮಾ?" ಎಂಬುದರ ಆಚೆಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ.

ಕಳೆದ ವಾರ ಒಂದು ಕಪ್ಪೆಯ ಬೆನ್ನಿನ ಬಣ್ಣ ಚಕ್ಕೆ ಎದ್ದಿತು. ಮ್ಯೂಸಿಯಮ್ಮಿನಲ್ಲಿ ಹಳೇ ವಸ್ತುಗಳನ್ನು ದುರಸ್ತಿ ಮಾಡುವ ಹೆಂಗಸಿನ ಹತ್ತಿರ ಇಡೀ ಸೆಟ್ಟನ್ನೇ ಒಯ್ದೆ. ಅವರು ಕಿಟಕಿ ಮುಚ್ಚಿ, ನೇರಳೆ ಬೆಳಕಿನ ದೀಪ ಹಿಡಿದರು. ಆ ಬೆಳಕಿನಲ್ಲಿ ಹಳೇ ಬಣ್ಣ, ಹೊಸ ಬಣ್ಣ ಬೇರೆ ಬೇರೆಯಾಗಿ ಕಾಣುತ್ತವಂತೆ. ನೋಡಿದರೆ ಕೊಕ್ಕರೆ, ಕಪ್ಪೆ ಎಲ್ಲದರ ಮೈಮೇಲೂ ತೇಪೆಯೋ ತೇಪೆ.

"ಯಾರೋ ವರ್ಷಗಟ್ಟಲೆ ಕೂತು ತಿದ್ದಿದ್ದಾರೆ," ಎಂದರು ಅವರು. "ಒಂದೇ ಕೈ. ಒಳ್ಳೇ ಕೈ. ಬೇಕಂದ್ರೆ ಹೊಸದನ್ನ ಅಳಿಸಿ ಕೊಡ್ತೀನಿ."

ಮನೆಯಲ್ಲಿದ್ದವರು ಇಬ್ಬರೇ. ನಾನಂತೂ ಅಲ್ಲ. ಬೇಡವೆಂದು ಡಬ್ಬಿ ಎತ್ತಿಕೊಂಡು ಬಂದವನು ಚಪ್ಪಲಿ ಸಹ ಕಳಚದೆ ಫೋನ್ ಮಾಡಿದೆ.

"ಚದುರಂಗಕ್ಕೆ ಬಣ್ಣ ಹಚ್ಚಿದ್ದು ನೀನೇನೇ?"

"ಅಂತೂ ಕಣ್ಣಿಗೆ ಬಿತ್ತಾ?"

"ನನ್ನ ಕಣ್ಣಿಗಲ್ಲ. ಮ್ಯೂಸಿಯಮ್ಮಿನವರು ಹೇಳಿದ್ರು." ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ.

"ಓ," ಎಂದಳು.

"ಮುಟ್ಟಬೇಡ ಅಂದಿದ್ದೆನಲ್ಲೇ!"

"ದಿನಾ ಮುಟ್ಟಿ ಮುಟ್ಟಿ ಸವೆಸ್ತಿದ್ದೋರು ನೀವು. ಸವೆದಿದ್ದು ಕಂಡ್ರೆ ನಿಮ್ಮ ಮುಖ ಸಪ್ಪಗಾಗುತ್ತಲ್ಲ ಅಂತ, ನೀವು ಅಂಗಡಿಗೆ ಹೋದ್ಮೇಲೆ ಹಚ್ಚಿಡ್ತಿದ್ದೆ. ಹನ್ನೊಂದು ವರ್ಷ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ನಲ್ಲ. ಮಂತ್ರಿ ಕೊಕ್ಕರೆ ಕೊರಳು ನೋಡಿ."

ಡಬ್ಬಿ ತೆಗೆದು ನೋಡಿದೆ. ಬಿಳಿ ಕೊರಳಿನ ಸುತ್ತ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿಗಳ ಸಾಲು. ಕೊಕ್ಕರೆಗೆ ಮಣಿಸರ! ನಾನು ಕೊಂಡಾಗ ಇದು ಇರಲಿಲ್ಲ. ಎಲ್ಲಿ ಕೆಟ್ಟಿದೆ ಎಂದು ಹುಡುಕಿಯೇ ಅಭ್ಯಾಸವಾದ ಕಣ್ಣಿಗೆ, ಹೊಸದಾಗಿ ಬಂದದ್ದು ಕಂಡಿರಲಿಲ್ಲ.

"ಹೇಗೂ ದಿನಾ ಅವನ್ನೇ ತಾನೆ ನೋಡೋದು, ಅಲ್ಲಾದ್ರೂ ನಾನು ಕಾಣಿಸ್ಲಿ ಅಂತ ಬರೆದೆ," ಎಂದಳು. "ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ, ಕೊನೇಪಕ್ಷ ಬೈತಾರೆ ಅಂತ ಕಾದೆ. ಎತ್ತಿದ್ರಿ, ಕನ್ನಡಿ ಹಿಡಿದು ನೋಡಿದ್ರಿ, ವಾಪಸ್ ಇಟ್ರಿ. ಒಂದು ತಿಂಗಳು. ಆಮೇಲೆ ಬಟ್ಟೆ ತುಂಬ್ಕೊಂಡೆ."

ನಾಚಿಕೆಯಿಂದ ಮೈ ಹಿಡಿಯಾಯಿತು. ಅಳುವೂ ಬಂತು.

"ಬಂದುಬಿಡು ಕಣೇ. ಈ ಮನೇಲಿ ಒಬ್ಬನೇ ಇರೋಕೆ ನನ್ನ ಕೈಲಿ ಆಗ್ತಿಲ್ಲ."

"ಗೊತ್ತು ರೀ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಆ ಮನೇಲಿ ನಾನೂ ಒಬ್ಬಳೇ ಇದ್ದೆನಲ್ಲ."

ಅಷ್ಟರಲ್ಲಿ ಅವಳ ತಂಗಿ ಒಳಗಿನಿಂದ "ಅಕ್ಕಾ" ಎಂದು ಕೂಗಿದ್ದು ಕೇಳಿಸಿತು.

"ಬಂದೆ, ಬಂದೆ," ಎಂದು ಅವಳಿಗೆ ಹೇಳಿ ಫೋನ್ ಇಟ್ಟಳು.